ಕೂತಷ್ಟು ಆಳ

ಕಾರ್ತಿಕ ಶುದ್ಧ ಪಂಚಮಿ, ಗುರುವಾರ. ಬೆಳಗಿನಿಂದ ಹೊಳೆಯ ಮೇಲೆ ಮಂಜು, ಗಾಳಿ ಇರಲಿಲ್ಲ.

ಮಠದ ಅಜ್ಜ ಹಿತ್ತಲಿಗೆ ಬಂದು ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಶಿಷ್ಯ ಕೊಟ್ರಯ್ಯನನ್ನು ಕರೆದರು.

“ನನ್ನ ಸುತ್ತ ಒಂದು ಗೆರಿ ಎಳಿ.”

ಕೊಟ್ರಯ್ಯ ಕಡ್ಡಿಯಿಂದ ಗೆರೆ ಎಳೆದ.

“ಇಲ್ಲೊಂದು ತಗ್ಗು ತೋಡು. ನಾ ಕೂತಷ್ಟು ಅಗಲ, ಕೂತಷ್ಟು ಆಳ. ಹುಣ್ಣಿಮಿಗೆ ಬೇಕು.”

ಎದ್ದು, ಧೋತರ ಕೊಡವಿಕೊಂಡು ಒಳಗೆ ಹೋದರು.

ಆ ಮಠದಲ್ಲಿ ತೀರಿಕೊಂಡ ಗುರುವನ್ನು ಮಲಗಿಸುವುದಿಲ್ಲ. ಧ್ಯಾನಕ್ಕೆ ಕೂತ ಹಾಗೆಯೇ ಮಣ್ಣಿಗಿಡುತ್ತಾರೆ. ಹಿಂದಿನ ಅಜ್ಜಂದಿರೆಲ್ಲ ಅದೇ ಹಿತ್ತಲಿನಲ್ಲಿ ಕೂತಿದ್ದರು.

ಕೊಟ್ರಯ್ಯ ಗೆರೆಯನ್ನು ನೋಡುತ್ತ ನಿಂತ. ಮಂಜಿನಲ್ಲಿ ಅದರೊಳಗೆ ಯಾರೋ ಇನ್ನೂ ಕೂತಂತೆ ಕಂಡಿತು.

ಆ ಮಧ್ಯಾಹ್ನ ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

“ಯಾಕಪಾ, ಇವತ್ತು ನನ್ನ ರೊಟ್ಟಿ ಕಲ್ಲಾತೇನು?” ಎಂದಳು ಅಡುಗೆಯ ನೀಲಗಂಗವ್ವ.

“ಇಲ್ಲವ್ವಾ. ತುತ್ತು ಇಳಿಯವಲ್ದು.”

“ಮದುವಿ ಗೊತ್ತಾದವರಿಗೆ ಹಿಂಗ ಆಗತೈತಿ. ಮಠದಾಗ ಇರಾಂವಗ ಯಾರು ಹೆಣ್ಣು ಕೊಟ್ರು?”

ಅವನು ನಗಲಿಲ್ಲ. ಅವಳು ಜೀರಿಗೆ ಕಷಾಯ ಕಾಸಿ ಕೊಟ್ಟಳು. ಅದೂ ಗಂಟಲಲ್ಲೇ ನಿಂತಿತು.

ಆಮೇಲೆ ಎದೆ. ಸುಮ್ಮನೆ ಕೂತಿರುವಾಗ ಒಳಗೆ ಯಾರೋ ಬಾಗಿಲು ಬಡಿದಂತಾಗುತ್ತಿತ್ತು. ಆಮೇಲೆ ಕೈ. ಗುದ್ದಲಿ ಹಿಡಿದರೆ ಬೆರಳು ಮಡಚುತ್ತಿರಲಿಲ್ಲ.

ಕಣ್ಣು ಮುಚ್ಚಿದರೆ ಅದೇ ಹಿತ್ತಲು. ಹಳೆಯ ಅಜ್ಜಂದಿರು ಸಾಲಾಗಿ ಕೂತವರು, ಇನ್ನೊಬ್ಬರಿಗೆ ಜಾಗ ಮಾಡಿಕೊಡಲು ಸ್ವಲ್ಪ ಸ್ವಲ್ಪ ಸರಿಯುತ್ತಿದ್ದರು.

ಆದರೂ ಬೆಳಿಗ್ಗೆ ತೋಡುತ್ತಿದ್ದ. ಸಂಜೆ ಯಾರೂ ನೋಡದಾಗ ಅರ್ಧ ಮಣ್ಣನ್ನು ಕಾಲಿನಿಂದ ಮತ್ತೆ ಒಳಗೆ ತಳ್ಳುತ್ತಿದ್ದ.

ಹೊಳೆಯಾಚೆಯ ವೈದ್ಯರು ಬಂದು ನಾಡಿ ಹಿಡಿದರು, ನಾಲಿಗೆ ನೋಡಿದರು.

“ಇವನ ಮೈಯಾಗ ಏನೂ ಇಲ್ರಿ,” ಎಂದು ಅಜ್ಜನಿಗೆ ಹೇಳಿ ದೋಣಿ ಹತ್ತಿದರು.

ಹುಣ್ಣಿಮೆಯ ಬೆಳಿಗ್ಗೆ ಅಜ್ಜ ತಗ್ಗಿನ ಹತ್ತಿರ ಬಂದು ಇಣುಕಿದರು.

“ನಾ ಕೂತಷ್ಟು ಆಳ ಅಂದಿದ್ದೆ. ಇದರಾಗ ಕೋಳಿ ಕೂಡಬಹುದು.”

“ಕೈಯಾಗ ಗುದ್ದಲಿ ನಿಲ್ಲವಲ್ದ್ರಿ, ಅಜ್ಜಾರ.”

“ಮತ್ತ?”

“ಎದಿ ಬಡಕೊಂತೈತ್ರಿ. ಗಂಟಲ ಕಟ್ಟೈತ್ರಿ.”

“ಯಾರು ಕಟ್ಟಿದ್ರು?”

ಕೊಟ್ರಯ್ಯ ತಲೆಯೆತ್ತಿ ನೋಡಿದ.

“ಕಟ್ಟಿದವರಿಗೆ ಬಿಚ್ಚಾಕ ಬರತೈತಿ. ಅದಕ್ಕ ಕೇಳಿದೆ. ಯಾರು?”

ಬಾಯಿ ತೆರೆದ. ಧ್ವನಿ ಹೊರಡಲಿಲ್ಲ. ಕೈ ಮಾಡಿ ತಗ್ಗು ತೋರಿಸಿದ. ಆಮೇಲೆ ಅಜ್ಜನನ್ನು ತೋರಿಸಿದ.

“ಬಾಯಿಲೆ ಹೇಳು, ತಮ್ಮಾ.”

ಅಜ್ಜ ತಗ್ಗಿನ ಅಂಚಿಗೆ ಕೂತರು. ಮಂಜಿನೊಳಗೆ ಹೊಳೆಯ ಸಪ್ಪಳವಷ್ಟೇ ಇತ್ತು.

“ನೀವು ಹೊಂಟೀರಿ,” ಎಂದ ಕೊಟ್ರಯ್ಯ. “ನಾ ಹೆಂಗ ನಿಮ್ಮನ್ನ ಇದರೊಳಗ ಇಡ್ಲಿ?”

ಹೇಳಿದ ಮೇಲೆ ಅಳು ಬಂತು. ತುತ್ತು ಹೋಗದ ದಾರಿಯಲ್ಲೇ ಬಂತು.

ಅಜ್ಜ ಸಮಾಧಾನ ಹೇಳಲಿಲ್ಲ. ಎದ್ದು ಒಳಗೆ ಹೋದರು. ಬರುವಾಗ ಕಂಕುಳಲ್ಲಿ ಒಂದು ಒಡಕು ಮಡಕೆ, ಅದರಲ್ಲಿ ಗೇಣುದ್ದದ ನೇರಲ ಸಸಿ.

“ತಗ್ಗು ಇದಕ್ಕ.”

ಕೊಟ್ರಯ್ಯ ಸಸಿಯನ್ನು ನೋಡಿದ. ಅಜ್ಜನನ್ನು ನೋಡಿದ.

“ಮತ್ತ ನೀವು ಕೂತು ತೋರಿಸಿದ್ರಿ?”

“ಅಳತಿಗೋಲು ಸಿಗಲಿಲ್ಲ.”

ಕೊಟ್ರಯ್ಯ ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕ. ಗುದ್ದಲಿ ಎತ್ತಿದ. ಬೆರಳು ಮಡಚಿದವು. ಮಂಜು ಏಳುವ ಹೊತ್ತಿಗೆ ತಗ್ಗು ಕೂತಷ್ಟು ಆಳವಾಗಿತ್ತು.

ಇಬ್ಬರೂ ಸೇರಿ ಸಸಿ ನೆಟ್ಟರು. ನೀಲಗಂಗವ್ವ ಬುಟ್ಟಿಯಲ್ಲಿ ಬುತ್ತಿ ತಂದು ಬಿಚ್ಚಿದಳು. ಕೊಟ್ರಯ್ಯ ಮಣ್ಣುಗೈ ತೊಳೆದು ಕೂತ. ಮೊದಲ ತುತ್ತು ಇಳಿಯಿತು. ಎರಡನೆಯದು ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲ.

“ಸಾವಕಾಶ ಉಣ್ಣಪಾ,” ಎಂದಳು ನೀಲಗಂಗವ್ವ. “ಬುಟ್ಟಿನರ ಬಿಡು, ಅದು ನಂದು.”

ಉಂಡು ನೀರು ಕುಡಿದ ಮೇಲೆ ಕೊಟ್ರಯ್ಯ ಸುಮ್ಮನೆ ಕೂತ. ಸಸಿಯ ಆಚೆ ಹಳೆಯ ಅಜ್ಜಂದಿರ ಸಮಾಧಿಯ ಗದ್ದುಗೆಗಳು ಬಿಸಿಲಿಗೆ ಒಣಗುತ್ತಿದ್ದವು. ಕೊನೆಯಲ್ಲಿ ಇನ್ನೊಂದಕ್ಕೆ ಜಾಗವಿತ್ತು.

“ಅಜ್ಜಾರ.”

“ಹೂಂ.”

“ಇದು ನೇರಲ ಗಿಡಕ್ಕ ಆತು. ಆದರ ಒಂದಿನ ನೀವು ಹೋಗೂದು ಖರೇನ ಅಲ್ರಿ?”

“ಖರೇನ.”

“ಅವತ್ತಿನ ತಗ್ಗೂ ನಾನ ತೋಡಬೇಕಲ್ರಿ?”

“ಮತ್ತ ಯಾರು ತೋಡಬೇಕು?”

“ಅವತ್ತು ಮತ್ತ ಗಂಟಲ ಕಟ್ಟಿದ್ರ?”

ಅಜ್ಜ ತಂಬಿಗೆಯಲ್ಲಿ ಉಳಿದ ನೀರನ್ನು ಸಸಿಯ ಬುಡಕ್ಕೆ ಸುರಿದರು. ಮಣ್ಣು ಅದನ್ನು ಕುಡಿಯುವ ತನಕ ನೋಡುತ್ತ ಕೂತರು.

“ಅವತ್ತಿಗಂತ ನೀ ಮುಂಚೇನ ಬಿಟ್ಟ ಊಟ ಎಲ್ಲಾ ಈ ಗಿಡಕ್ಕ ಸಂದಾವ,” ಎಂದರು. “ಅವತ್ತು ಉಂಡು ತೋಡಾಕ ಬಾ.”