ಏಳು ಜನರ ಗಾಡಿ

"ಗುರುಗಳೇ, ಸಿಟ್ಟನ್ನು ಗೆದ್ದವನಿಗೆ ಇನ್ನು ಯಾವ ಪರೀಕ್ಷೆ ಬಾಕಿ ಇರುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಹೊಳೆಯಾಚೆಯ ಗವಿಯಲ್ಲಿ ನಲವತ್ತು ದಿನ ಒಬ್ಬನೇ ಇದ್ದು ಅಂದು ತಾನೇ ಮರಳಿದ್ದ. ಅದಕ್ಕೆ ಮುಂಚೆ ಮಠದ ಅಡುಗೆಮನೆಯ ಉಸ್ತುವಾರಿ ಅವನದಾಗಿತ್ತು. ಅಲ್ಲಿ ದಿನಕ್ಕೆ ಹತ್ತು ಸಲ ಯಾರ ಮೇಲಾದರೂ ರೇಗುತ್ತಿದ್ದ. ಗವಿಯಲ್ಲಿ ಒಂದು ಸಲವೂ ರೇಗಲಿಲ್ಲ. ಆದ್ದರಿಂದ ಪಕ್ಕದ ಊರಿನ ಶಾಖಾಮಠವನ್ನು ತನಗೆ ಒಪ್ಪಿಸಬಹುದು ಎಂದು ಬಾಯಿಬಿಟ್ಟೇ ಹೇಳಿದ. ಅವನ ಮುಖದಲ್ಲಿ ಹೆಮ್ಮೆ ಎದ್ದು ಕಾಣುತ್ತಿತ್ತು.

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಬೆಟ್ಟದ ಮೇಲಿನ ಊರೊಂದರಲ್ಲಿ ಒಬ್ಬ ರೈತನಿದ್ದ. ತಾಯಿ, ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಇಬ್ಬರು ಮಕ್ಕಳು, ತಾನು ಸೇರಿ ಮನೆಯಲ್ಲಿ ಏಳು ಜನ. ಏಳೂ ಜನ ಒಂದೇ ಒಲೆಯ ಅನ್ನ ಉಣ್ಣುತ್ತೇವೆ ಎಂಬುದು ಅವನ ದೊಡ್ಡ ಹೆಮ್ಮೆ. ಯಾರು ಮಾತಿಗೆ ಸಿಕ್ಕರೂ ಅದೊಂದನ್ನು ಹೇಳದೆ ಬಿಡುತ್ತಿರಲಿಲ್ಲ. ಆದರೆ ಅವನ ಹಳೆಯ ಜೀಪು ಅಷ್ಟೂ ಜನರನ್ನು ಹೊತ್ತು ಬೆಟ್ಟ ಹತ್ತುತ್ತಿರಲಿಲ್ಲ. ಆರನೆಯ ತಿರುವಿನಲ್ಲಿ ಎಲ್ಲರೂ ಇಳಿದು ನಡೆಯಬೇಕಾಗಿತ್ತು. ತಾಯಿಗೆ ಮಂಡಿನೋವು. ಒಮ್ಮೆ ಹಾಗೆ ನಡೆದು ಬಂದು ಹಾಸಿಗೆ ಹಿಡಿದ ಮೇಲೆ ಆಕೆ ಬೆಟ್ಟ ಇಳಿಯುವುದನ್ನೇ ಬಿಟ್ಟಳು. ತವರಿನ ಕಡೆ ಹೋಗಿ ಎರಡು ವರ್ಷವಾಗಿತ್ತು. ತಾಯಿಯನ್ನು ಅಂಗಳದವರೆಗೂ ಕೂರಿಸಿಕೊಂಡೇ ಬರುವಂಥ ಗಾಡಿ ತರುತ್ತೇನೆ ಎಂದು ರೈತ ಹಟ ತೊಟ್ಟ.

ಪೇಟೆಯ ಶೋರೂಮಿನಲ್ಲಿ ಏಳು ಸೀಟಿನ ಗಾಡಿಯೊಂದು ಅವನಿಗೆ ಹಿಡಿಸಿತು. ಅದರಲ್ಲಿ ಡೀಸೆಲ್ಲಿನದೇ ಎರಡು ಬಗೆ. ಅದೇ ಮೈ, ಅದೇ ಸೀಟು, ಅದೇ ಬಣ್ಣ. ಒಂದರ ಎಂಜಿನ್ ಒಂದೂವರೆ ಲೀಟರಿನದು, ಇನ್ನೊಂದರದು ಎರಡು ಲೀಟರಿಗೂ ಮೇಲೆ. ಚಿಕ್ಕದಕ್ಕೆ ಮೈಲೇಜು ಜಾಸ್ತಿ, ಬೆಲೆ ಕಡಿಮೆ.

ರೈತನ ಊರಿನವನೇ ಆದ ಬಟ್ಟೆ ವ್ಯಾಪಾರಿಯೊಬ್ಬ ಅಂದು ಅದೇ ಗಾಡಿ ನೋಡಲು ಬಂದಿದ್ದ. ಅವನು ಬೈಪಾಸ್ ರಸ್ತೆಯಲ್ಲಿ ಎರಡನ್ನೂ ಒಬ್ಬನೇ ಓಡಿಸಿದ. ಎರಡೂ ಬೆಣ್ಣೆಯಂತೆ ಹೋದವು. ವ್ಯತ್ಯಾಸವೆಲ್ಲ ಕಾಗದದ ಮೇಲೆ ಮಾತ್ರ ಎಂದು ತೀರ್ಪು ಕೊಟ್ಟು ಚಿಕ್ಕದನ್ನು ಬುಕ್ ಮಾಡಿದ. ಎಂಜಿನ್ ವಿಷಯದಲ್ಲಿ ತನ್ನ ಕಿವಿಗೆ ಯಾರೂ ಮೋಸ ಮಾಡಲಾರರು ಎಂದು ಅವನೂ ಹೆಮ್ಮೆಪಡುತ್ತಿದ್ದ.

ಮಾರಾಟಗಾರ ರೈತನ ಕಡೆ ತಿರುಗಿ, ನೀವೂ ಒಂದು ಸುತ್ತು ಓಡಿಸಿ ನೋಡಿ ಎಂದ.

"ಇಲ್ಲಿ ಬ್ಯಾಡ ಕಣಪ್ಪ. ಎರಡನ್ನೂ ನಮ್ಮ ಬೆಟ್ಟದ ಬುಡಕ್ಕೆ ತಗೊಂಡು ಬಾ. ಮನೆಯವ್ರೆಲ್ಲ ಕೂತ್ಕೊಂಡು ನೋಡ್ತೀವಿ."

"ಅಷ್ಟೊಂದು ಜನ ಯಾಕೆ ಸಾರ್? ಓಡ್ಸೋರು ನೀವೊಬ್ರೇ ಅಲ್ವಾ?"

"ಓಡ್ಸೋನು ನಾನೊಬ್ನೇ. ಬದುಕೋನು ನಾನೊಬ್ನೇ ಅಲ್ವಲ್ಲ."

ಮಾರಾಟಗಾರ ಒಳಗೊಳಗೇ ನಕ್ಕು ಒಪ್ಪಿದ. ಇಳಿಜಾರಿನಲ್ಲಿ ಜೀಪಿಗೆ ಯಾವ ತೊಂದರೆಯೂ ಇರಲಿಲ್ಲ. ಮರುದಿನ ರೈತ ತಾಯಿಯನ್ನು ಪುಸಲಾಯಿಸಿ, ಎಲ್ಲರನ್ನೂ ಅದರಲ್ಲೇ ಬೆಟ್ಟದ ಬುಡಕ್ಕೆ ಕರೆತಂದ. ಮೊದಲು ಚಿಕ್ಕ ಎಂಜಿನ್ನಿನ ಗಾಡಿಗೆ ಹತ್ತಿಸಿದ. ಮಾರಾಟಗಾರ ಕಿರಿಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದೆ ಮುದುರಿ ಕೂತ. ಗಾಡಿ ಐದು ತಿರುವು ಹತ್ತಿತು. ಆರನೆಯದರಲ್ಲಿ ಅದರ ದನಿ ಭಾರವಾಯಿತು. ಅದು ನಿಲ್ಲಲಿಲ್ಲ, ಏದುಸಿರು ಬಿಡುತ್ತ ಹೋಗುತ್ತಲೇ ಇತ್ತು. ಆದರೆ ತಮ್ಮನ ಕೈ ಬಾಗಿಲಿನ ಹಿಡಿಗೆ ಹೋಯಿತು. ಹೆಂಡತಿ ಸೆರಗು ಬಿಗಿದಳು. ತಾಯಿ ಬಗ್ಗಿ ಕಾಲಡಿಯಲ್ಲಿ ಚಪ್ಪಲಿ ತಡಕತೊಡಗಿದಳು. ಇಳಿಯಿರಿ ಎಂದು ಯಾರೂ ಹೇಳಿರಲಿಲ್ಲ. ರೈತ ಅದನ್ನೆಲ್ಲ ಕನ್ನಡಿಯಲ್ಲಿ ಕಂಡ. ಜಾಗ ಸಿಕ್ಕಿದ ಕಡೆ ಗಾಡಿ ತಿರುಗಿಸಿ ವಾಪಸ್ ಬುಡಕ್ಕೆ ಬಂದ.

ಆಮೇಲೆ ದೊಡ್ಡ ಎಂಜಿನ್ನಿನದು. ಆರನೆಯ ತಿರುವು ಬಂದಾಗ ತಾಯಿ ತವರುಮನೆಯ ತುಂಟ ಎಮ್ಮೆಯೊಂದರ ಸುದ್ದಿ ಹೇಳುತ್ತಿದ್ದಳು. ತಿರುವು ದಾಟಿದ್ದು ಆಕೆಗೆ ಗೊತ್ತಾಗಲಿಲ್ಲ. ಯಾರ ಕೈಯೂ ಬಾಗಿಲಿಗೆ ಹೋಗಲಿಲ್ಲ. ಆಕೆಯ ಸುದ್ದಿಯಲ್ಲಿ ಎಮ್ಮೆ ಇನ್ನೂ ಪಕ್ಕದವರ ಹೊಲದಲ್ಲೇ ಇತ್ತು, ಅಷ್ಟರಲ್ಲಿ ಗಾಡಿ ನಿಂತಿತು.

"ಯಾಕಪ್ಪ ನಿಲ್ಲಿಸ್ದೆ? ಇಳೀಬೇಕಾ?"

"ಮನೆ ಬಂತು ಕಣವ್ವ."

ತಾಯಿ ಕಿಟಕಿಯಿಂದ ತನ್ನ ಮನೆಯ ಬಾಗಿಲನ್ನು ನೋಡಿದಳು. ಮಗನ ಹೆಗಲ ಮೇಲೆ ಕೈಯಿಟ್ಟಳು. ರೈತನ ಎದೆ ಉಬ್ಬಿತು. ಮೈಲೇಜಿನ ಮಾತೆತ್ತದೆ ಅವನು ದೊಡ್ಡದನ್ನೇ ಕೊಂಡ.

ಹದಿನೈದು ದಿನ ಕಳೆದು ವ್ಯಾಪಾರಿಯ ಗಾಡಿಯೂ ಬಂತು. ಹೆಂಡತಿ, ಮಕ್ಕಳು, ಅತ್ತೆ, ಮಾವ, ಎಲ್ಲರನ್ನೂ ತುಂಬಿಕೊಂಡು ಅವನು ಬೆಟ್ಟ ಹತ್ತಿದ. ಆರನೆಯ ತಿರುವಿನಲ್ಲಿ ಎಂಜಿನ್ ಏದುಸಿರು ಬಿಟ್ಟಿತು. ತಾನು ಆರಿಸಿದ ಎಂಜಿನ್ ಹಾಗೆ ನರಳುವುದನ್ನು ಅವನ ಕಿವಿ ಸಹಿಸಲಿಲ್ಲ. ಸ್ವಲ್ಪ ನಡೆದು ಬನ್ನಿ ಎಂದು ಎಲ್ಲರನ್ನೂ ಇಳಿಸಿಬಿಟ್ಟ. ಹಗುರಾದ ಗಾಡಿ ಒಂದೇ ಉಸಿರಿಗೆ ಮೇಲೆ ಬಂತು. ರೈತ ಜಗಲಿಯ ಮೇಲೆ ಕೂತಿದ್ದ. ವ್ಯಾಪಾರಿ ಅವನ ಮುಂದೆಯೇ ಗಾಡಿ ನಿಲ್ಲಿಸಿ ಹಾರನ್ ಹೊಡೆದ.

"ನೋಡ್ದಾ ಹೆಂಗೆ ಹತ್ತುತು? ನಿನ್ನ ದೊಡ್ಡ ಎಂಜಿನ್ನಿಗಿಂತ ಯಾವುದ್ರಲ್ಲಿ ಕಮ್ಮಿ ಹೇಳು."

ರೈತ ಗಾಡಿಯ ಖಾಲಿ ಸೀಟುಗಳನ್ನು ನೋಡಿದ, ಆಮೇಲೆ ರಸ್ತೆಯ ಕಡೆ ನೋಡಿದ. ಬಹಳ ಹೊತ್ತಾದ ಮೇಲೆ ವ್ಯಾಪಾರಿಯ ಮನೆಯವರು ಬಿಸಿಲಿನಲ್ಲಿ ಒಬ್ಬೊಬ್ಬರಾಗಿ ನಡೆದು ಬಂದರು. ವ್ಯಾಪಾರಿ ಇನ್ನೂ ಗಾಡಿಯನ್ನು ಹೊಗಳುತ್ತಲೇ ಇದ್ದ.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. ಎಂಥ ದಡ್ಡ ವ್ಯಾಪಾರಿ ಎಂದ. ಗುರುಗಳು ಆಗ ಕೇಳಿದ ಒಂದೇ ಮಾತಿಗೆ ಅವನ ನಗು ನಿಂತಿತು:

"ಗವಿಗೆ ಹೋಗುವಾಗ ನೀನು ಯಾರನ್ನೆಲ್ಲ ಇಳಿಸಿ ಹೋದೆ?"