ಆರಿಹೋಗುವ ಪಟ

"ಗುರುಗಳೇ, ಮೊದಲೆಲ್ಲ ಕಣ್ಣು ಮುಚ್ಚಿದರೆ ದೇವರ ರೂಪ ಕಾಣುತ್ತಿತ್ತು. ಈಗ ಬರೀ ಕತ್ತಲೆ. ನಾನು ಎಲ್ಲಿ ತಪ್ಪಿದೆ?"

ಹೀಗೆ ಕೇಳಿದವನು ಶಿಷ್ಯ ನಿರಂಜನ. ಮಠಕ್ಕೆ ಬಂದಾಗ ಮೈಕೈ ತುಂಬಿಕೊಂಡಿದ್ದವನು ಈಗ ಕಡ್ಡಿಯಾಗಿದ್ದ. ರೂಪ ಮರೆಯಾದಾಗಿನಿಂದ ಒಂದು ಹೊತ್ತಿನ ಊಟ ಬಿಟ್ಟಿದ್ದ. ಅದು ಸಾಲದೆಂದು ಇನ್ನೊಂದು ಹೊತ್ತಿನದನ್ನೂ ಬಿಟ್ಟ. ತಣ್ಣೀರು ಸ್ನಾನ, ಮೌನ, ಹೆಚ್ಚಿನ ಜಪ ಎಲ್ಲ ಮಾಡಿ ನೋಡಿದ. ರೂಪ ಮರಳಲಿಲ್ಲ. ಈ ದಾರಿ ತನ್ನದಲ್ಲವೆಂದು ತೀರ್ಮಾನಿಸಿ, ಬಟ್ಟೆಯ ಗಂಟು ಕಟ್ಟಿಕೊಂಡೇ ಗುರುಗಳ ಎದುರು ಬಂದು ಕೂತಿದ್ದ. ಗುರುಗಳು ಗಂಟನ್ನು ನೋಡಿದರು. ಅದರ ಮಾತೆತ್ತದೆ ಕತೆ ಶುರುಮಾಡಿದರು.

ಒಬ್ಬ ಪಾತ್ರೆ ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ಹಳೆ ಮನೆಯಿಂದ ಅವನ ತಾಯಿ ತಾನಾಗಿ ಹೊತ್ತು ತಂದದ್ದು ಒಂದೇ ಸಾಮಾನು, ಮನೆದೇವರು ನರಸಿಂಹನ ಪಟ. ಗಾಜಿನ ಮೇಲೆ ವರ್ಷಗಟ್ಟಲೆಯ ಕುಂಕುಮ ಮೆತ್ತಿತ್ತು, ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಅದನ್ನು ಹೊಸ ಗೋಡೆಗೆ ಹಾಕಲು ವ್ಯಾಪಾರಿಗೆ ಮನಸ್ಸಿಲ್ಲ. ತಾಯಿಯನ್ನು ನೋಯಿಸಲೂ ಮನಸ್ಸಿಲ್ಲ. ಅಷ್ಟರಲ್ಲಿ ಅಂಗಡಿಯವನೊಬ್ಬ ಹೊಸ ನಮೂನೆಯ ಟಿವಿ ತೋರಿಸಿದ. ಸುತ್ತ ಮರದ ಚೌಕಟ್ಟು. ವಾರ್ತೆ ನೋಡುವಾಗ ಅದು ಟಿವಿ, ಉಳಿದ ಹೊತ್ತು ಗೋಡೆಗೆ ತೂಗುಹಾಕಿದ ಚಿತ್ರ. ಯಾವ ಚಿತ್ರ ಬೇಕಾದರೂ ಹಾಕಿಕೊಳ್ಳಬಹುದು. ವ್ಯಾಪಾರಿ ಹಳೆ ಪಟದ ಫೋಟೋ ತೆಗೆಸಿ ಅದರಲ್ಲಿ ಹಾಕಿಸಿದ. ಕುಂಕುಮವೂ ಇದ್ದಹಾಗೇ ಬಂದಿತ್ತು. ಗೆದ್ದಲು ಹಿಡಿದ ಪಟ ಮನೆಯಲ್ಲಿರಬಾರದೆಂದು, ಪದ್ಧತಿಯಂತೆ ಅದನ್ನು ಹೊಳೆಗೆ ಬಿಟ್ಟು ಬಂದ.

ಮನೆಗೆ ಬಂದವರೆಲ್ಲ ಗೋಡೆಯನ್ನು ಹೊಗಳಿದರು. ಟಿವಿ ಎಲ್ಲಿ ಎಂದು ಕೇಳಿದವರಿಗೆ ವ್ಯಾಪಾರಿ ಬೀಗುತ್ತ ದೇವರನ್ನೇ ತೋರಿಸುತ್ತಿದ್ದ. ತಾಯಿ ಒಮ್ಮೆ ಮುಟ್ಟಿ ನೋಡಿ, ನುಣ್ಣಗಿದೆ ಎಂದಳು, ಅಷ್ಟೆ.

ಗೋಡೆಗೆ ಟಿವಿ ಹಾಕಿದ ಮರುದಿನ ಬೆಳಿಗ್ಗೆ ಆಕೆ ಎಂದಿನಂತೆ ಜಪಮಾಲೆ ಹಿಡಿದು ಅದರ ಮುಂದೆ ಕೂತಳು. ಆಕೆಯದು ಕಣ್ಣು ತೆರೆದೇ ಮಾಡುವ ಜಪ. ದೇವರ ಮುಖ ನೋಡುತ್ತ ನೋಡುತ್ತ ಮೊದಲು ತುಟಿ ನಿಲ್ಲುತ್ತಿತ್ತು, ಆಮೇಲೆ ಬೆರಳು ನಿಲ್ಲುತ್ತಿತ್ತು. ಅಂದು ಬೆರಳು ನಿಂತ ಸ್ವಲ್ಪ ಹೊತ್ತಿಗೆ ದೇವರು ಮಾಯವಾದ. ಗೋಡೆಯ ಮೇಲೆ ಕರಿ ಹಲಗೆಯಷ್ಟೇ ಉಳಿಯಿತು. ಆಕೆ ಅಲ್ಲಾಡದೆ ಅದನ್ನೇ ನೋಡುತ್ತ ಕೂತಳು. ಆಗ ಸೊಸೆ ಪೊರಕೆ ಹಿಡಿದು ನಡುಮನೆಗೆ ಬಂದಳು. ತಟ್ಟನೆ ದೇವರು ಪ್ರತ್ಯಕ್ಷನಾದ. ದಿನವೂ ಹೀಗೇ ಆಗತೊಡಗಿತು.

ಪಾಪ, ಮುದುಕಿ ಏನೆಂದು ತಿಳಿಯಬೇಕು? ತಾನು ಮನಸ್ಸಿಟ್ಟು ಕೂತಷ್ಟೂ ದೇವರು ಎದ್ದು ಹೋಗುತ್ತಾನೆ, ನಿಂತು ಕೈ ಕೂಡ ಮುಗಿಯದ ಸೊಸೆ ಬಂದರೆ ಓಡೋಡಿ ಬರುತ್ತಾನೆ. ಸೊಸೆಯ ಮೇಲೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಹಳೆ ಪಟ ಹೊಳೆಗೆ ಹೋದ ದಿನವೇ ದೇವರು ತನ್ನ ಕೈಬಿಟ್ಟ ಎಂದು ಒಳಗೊಳಗೇ ಕೊರಗಿದಳು. ಊಟ ಸೇರದಾಯಿತು. ಮಗ ಗದರಿಸಿ ಕೇಳಿದ ಮೇಲೆ ಬಾಯಿಬಿಟ್ಟಳು.

ಮಗ ನಕ್ಕುಬಿಟ್ಟ. ಆ ಟಿವಿಗೆ ಒಂದು ಕಣ್ಣಿದೆ ಎಂದ. ಎದುರಿಗೆ ಅಲ್ಲಾಡುವವರು ಮಾತ್ರ ಅದಕ್ಕೆ ಕಾಣುತ್ತಾರೆ. ಯಾರೂ ಅಲ್ಲಾಡದಿದ್ದರೆ ಕೋಣೆ ಖಾಲಿಯೆಂದು ತಿಳಿದು, ಕರೆಂಟು ಉಳಿಸಲು ಚಿತ್ರ ಆರಿಸಿಬಿಡುತ್ತದೆ. ಜಪದ ನಡುನಡುವೆ ಕೈ ಆಡಿಸುತ್ತಿರು, ಸಾಕು ಎಂದು ಹೇಳಿಕೊಟ್ಟ.

ತಾಯಿಯ ಎದೆ ಹಗುರಾಯಿತು. ಅಂದಿನಿಂದ ಕೈ ಆಡಿಸುತ್ತ ಜಪ ಮಾಡಿದಳು. ದೇವರು ಎಲ್ಲಿಗೂ ಹೋಗಲಿಲ್ಲ. ಆದರೆ ಈಗ ಆಡಿಸಲೇ, ಇನ್ನೊಂದು ಮಣಿ ಆದ ಮೇಲೆ ಆಡಿಸಲೇ ಎನ್ನುವುದರಲ್ಲೇ ಮಾಲೆ ಮುಗಿದುಹೋಗುತ್ತಿತ್ತು. ನೊಣ ಓಡಿಸಲು ಕೂತವಳ ಹಾಗಾಯಿತು ಎಂದು ಆಕೆಗೇ ಅನ್ನಿಸಿತು. ದೇವರು ಎದುರಿಗೇ ಇದ್ದ, ಜಪ ಇರಲಿಲ್ಲ. ಅದಕ್ಕೆ ಆಕೆ ಮೊದಲಿಗಿಂತ ಹೆಚ್ಚು ದುಃಖಪಟ್ಟಳು.

ಒಂದು ಬೆಳಿಗ್ಗೆ ಸೊಸೆ ಅಡುಗೆಮನೆಯ ಬಾಗಿಲಿನಿಂದ ಇಣುಕಿದಳು. ಗೋಡೆ ಕಪ್ಪಗಿತ್ತು. ಅತ್ತೆ ಅದರ ಎದುರಿಗೇ ಕೂತಿದ್ದಳು. ಕೈ ಮಡಿಲಲ್ಲಿತ್ತು.

"ಅತ್ತೆ, ಕೈ ಆಡ್ಸಿ. ದೇವರು ಆರಿಹೋಗಿದಾನೆ."

ಮುದುಕಿ ಸೊಸೆಯ ಕಡೆ ತಿರುಗಿದಳು. ತಿರುಗಿದ್ದೇ ತಡ, ಹಿಂದೆ ಪಟ ಹೊತ್ತಿಕೊಂಡಿತು. ಆಕೆ ಅತ್ತ ನೋಡಲಿಲ್ಲ.

"ಇರ್ಲಿ ಬಿಡಮ್ಮ. ಆ ಟಿವಿ ಕಣ್ಣಿಗೆ ನಾನು ಕಾಣಿಸ್ತಿಲ್ಲ ಅಂದ್ರೆ, ಇವತ್ತು ಸರಿಯಾಗಿ ಕೂತಿದೀನಿ ಅಂತ."

ಗುರುಗಳು ಇಷ್ಟಕ್ಕೇ ನಿಲ್ಲಿಸಿದರು. ಆ ತಾಯಿಗೆ ದೇವರು ಮತ್ತೆ ಕಂಡನೋ ಇಲ್ಲವೋ ಎಂದು ನಿರಂಜನ ಕೇಳಿದ.

ಗುರುಗಳು ಅವನ ಮಡಿಲಿಂದ ಗಂಟನ್ನು ತೆಗೆದು ಪಕ್ಕಕ್ಕಿಟ್ಟರು.

"ಏಳು, ಊಟಕ್ಕೆ ಹೋಗು. ಕೈ ಆಡಿಸಿದ್ದು ಸಾಕು."