ದರ್ಜಿಯ ಪಕ್ಷನಿಷ್ಠೆ

"ಗುರುಗಳೇ, ಪಕ್ಷ ಆರಿಸಿದವನು ಯೋಗ್ಯನಲ್ಲ ಎಂದು ಗೊತ್ತಿದ್ದೂ ಅವನಿಗಾಗಿ ದುಡಿಯಬೇಕೇ?"

ಹೀಗೆ ಕೇಳಿದವನು ಮಲ್ಲಿನಾಥ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಪಕ್ಷದಲ್ಲಿದ್ದವನು. ಹಿಂದಿನ ದಿನವಷ್ಟೇ ಆ ಪಕ್ಷ ತನ್ನ ಅಭ್ಯರ್ಥಿಯ ಹೆಸರನ್ನು ಘೋಷಿಸಿತ್ತು.

"ಆತ ನಿನ್ನೆ ಮೊನ್ನೆ ಬಂದವನು. ನಮ್ಮ ತತ್ವ ಅವನ ಬಾಯಲ್ಲಿದೆ, ಎದೆಯಲ್ಲಿಲ್ಲ. ಅವನ ಪರವಾಗಿ ಓಟು ಕೇಳಲು ನನ್ನ ಮನಸ್ಸಾಕ್ಷಿ ಒಪ್ಪುತ್ತಿಲ್ಲ" ಎಂದ.

ಗುರುಗಳು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಂದು ಹಳೆಯ ಪಕ್ಷವಿತ್ತು. ಹಿರಿಯರು ಕಟ್ಟಿದ್ದನ್ನು ಆತುರದಲ್ಲಿ ಕೆಡವಬಾರದು ಎಂಬುದು ಅದರ ಮಾತು. ಪಟ್ಟಣದ ನಡುವಿನ ಹಳೆಯ ಪೇಟೆಯನ್ನು ಒಡೆಯಬೇಕೆಂದು ಎದುರು ಪಕ್ಷ ಹೊರಟಾಗಲೆಲ್ಲ ಅಡ್ಡ ನಿಂತು ಉಳಿಸಿದ್ದು ಇದೇ ಪಕ್ಷ.

ಆ ಪೇಟೆಯಲ್ಲಿ ಒಬ್ಬ ದರ್ಜಿಯಿದ್ದ. ಪಕ್ಷದ ಬಾವುಟಗಳನ್ನೆಲ್ಲ ಹೊಲಿಯುತ್ತಿದ್ದವನು ಅವನೇ. ಸುತ್ತಲಿನ ಐದು ಬೀದಿಗಳಲ್ಲಿ ಯಾರ ಮನೆಯ ಓಟು ಎಷ್ಟು, ಯಾರನ್ನು ಯಾವ ಹೊತ್ತಿಗೆ ಮಾತನಾಡಿಸಬೇಕು ಎಂಬುದು ಅವನಿಗೆ ಬಾಯಿಪಾಠ. ಅವನು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಪಕ್ಕದ ಅಂಗಡಿ ಗಡಿಯಾರ ರಿಪೇರಿ ಮಾಡುವವನದು. ಇಬ್ಬರೂ ಗೆಳೆಯರು. ಅವನನ್ನು ಪಕ್ಷಕ್ಕೆ ಕರೆತಂದವನು ದರ್ಜಿ. ಸಭೆಯಲ್ಲಿ ಎದ್ದು ಮಾತನಾಡುವುದನ್ನು ಕಲಿಸಿದವನೂ ದರ್ಜಿಯೇ.

ಆ ವರ್ಷ ಪಟ್ಟಣದ ಅಧ್ಯಕ್ಷನನ್ನು ಆರಿಸುವ ಚುನಾವಣೆ ಬಂತು. ಹಳೆಯ ಪಕ್ಷದಿಂದ ನಿಲ್ಲಲು ಇಬ್ಬರು ಮುಂದೆ ಬಂದರು. ಒಬ್ಬರು ನಿವೃತ್ತ ಮೇಷ್ಟರು. ಪಕ್ಷ ಹುಟ್ಟಿದ ದಿನದಿಂದ ಅದರಲ್ಲೇ ಇದ್ದವರು. ಅವರ ಮಾತು ಸಪ್ಪೆ, ಸಭೆಗೆ ನಾಲ್ಕು ಜನ ಸೇರುವುದೂ ಕಷ್ಟ. ಇನ್ನೊಬ್ಬ ಅಕ್ಕಿ ಗಿರಣಿಯ ಸಾಹುಕಾರ. ಎರಡು ವರ್ಷದ ಹಿಂದೆ ಎದುರು ಪಕ್ಷದಲ್ಲಿದ್ದು ಈ ಪಕ್ಷದವರನ್ನು ಮುದಿಗೂಬೆಗಳೆಂದು ಕರೆದವನು. ಈಗ ಇವರ ಮಾತನ್ನು ಇವರಿಗಿಂತ ಗಟ್ಟಿಯಾಗಿ ಆಡುತ್ತಿದ್ದ. ಅವನು ನಿಂತಲ್ಲಿ ಜನ ಸೇರುತ್ತಿದ್ದರು.

ದರ್ಜಿಯ ಅಂಗಡಿಯಲ್ಲಿ ದಿನವೂ ಕಾರ್ಯಕರ್ತರ ವಾದ ನಡೆಯಿತು. "ಮೊದಲು ಗೆಲ್ಲೋಣ. ಸೋತರೆ ತತ್ವವನ್ನು ಎಲ್ಲಿ ಇಟ್ಟುಕೊಳ್ಳುವುದು?" ಎಂದು ಕೆಲವರು. "ಅವನು ಗೆದ್ದರೆ ಗೆದ್ದವನು ಅವನು, ನಾವಲ್ಲ" ಎಂದು ಕೆಲವರು. ದರ್ಜಿ ಗುಂಡಿ ಹಾಕುತ್ತ ಎಲ್ಲ ಕೇಳುತ್ತಿದ್ದ. ಅವನಿಗೆ ಮೇಷ್ಟರ ಮೇಲೆ ಗೌರವವಿತ್ತು. ಆದರೂ ಈ ಸಲ ಸಾಹುಕಾರನೇ ಆಗಬಹುದು ಎಂದು ಒಂದೆರಡು ಬಾರಿ ಅಂದದ್ದೂ ಉಂಟು.

ಒಂದು ಮಧ್ಯಾಹ್ನ ಸಾಹುಕಾರ ಪೇಟೆಗೆ ಬಂದ. ದರ್ಜಿ ಹೊಲಿಗೆ ನಿಲ್ಲಿಸಿ ಎದ್ದು ನಿಂತ. ಸಾಹುಕಾರ ರಸ್ತೆಯಿಂದಲೇ ಅವನಿಗೊಂದು ನಮಸ್ಕಾರ ಹಾಕಿ ಮುಂದೆ ಹೋದ. ಗಡಿಯಾರದವನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತ. ಚಹಾ ತರಿಸಿಕೊಂಡು ಕುಡಿದ. ಹೊರಡುವಾಗ ಗಡಿಯಾರದವನ ಹೆಗಲ ಮೇಲೆ ಕೈಯಿಟ್ಟು, "ಈ ಪೇಟೆ ನಿಮ್ಮ ಜವಾಬ್ದಾರಿ" ಎಂದ. ಗೋಡೆಯ ಈಚೆಗೆ ದರ್ಜಿಗೆ ಅದು ಕೇಳಿಸಿತು.

ಆ ಸಂಜೆಯಿಂದ ದರ್ಜಿ ಮೇಷ್ಟರ ಕಡೆಯವನಾದ.

ಅವನು ಸಾಹುಕಾರನ ಹಳೆಯ ಮಾತುಗಳನ್ನು ಒಂದೊಂದಾಗಿ ನೆನಪಿಸಿ ಹೇಳತೊಡಗಿದ. ಹೇಳಿದ್ದೆಲ್ಲ ನಿಜ. ಆದರೆ ಹೇಳುವಾಗ ಅವನ ಕಣ್ಣು ಗಡಿಯಾರದವನ ಮೇಲಿರುತ್ತಿತ್ತು. ಗೆಳೆಯ ನಕ್ಕರೆ ಇವನಿಗೆ ಉರಿಯುತ್ತಿತ್ತು. ಗೆಳೆಯನನ್ನು ಯಾರಾದರೂ ಹುಡುಕಿಕೊಂಡು ಬಂದರೆ ಇವನ ಕೈಯ ಹೊಲಿಗೆ ತಪ್ಪುತ್ತಿತ್ತು. ತಾನು ತೋರಿಸಿಕೊಟ್ಟ ಮನೆಗಳಿಗೆ ಅವನು ಹೋಗುವುದನ್ನು, ತಾನು ಕಲಿಸಿದ ಮಾತನ್ನು ಅವನು ಆಡುವುದನ್ನು ಇವನಿಂದ ನೋಡಲಾಗಲಿಲ್ಲ. ಸಾಹುಕಾರನ ಸಭೆಯಲ್ಲಿ ಗೆಳೆಯನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತೆಂದು ಕೇಳಿದ ದಿನ ಇವನಿಗೆ ಊಟ ಸೇರಲಿಲ್ಲ. ಹೆಂಡತಿ ಕೇಳಿದಾಗ, "ಪಕ್ಷ ಹಾಳಾಗುತ್ತಿದೆ" ಎಂದ.

ಪಕ್ಷದ ಸದಸ್ಯರೆಲ್ಲ ಸೇರಿದ ದಿನ ಮೇಷ್ಟರು ಎದ್ದು ನಿಂತು, ಸಾಹುಕಾರನ ಮುಖ ನೋಡಿಯೇ ಅವನ ಬಗ್ಗೆ ತಮಗಿದ್ದ ಅನುಮಾನಗಳನ್ನು ಹೇಳಿದರು. ಸದಸ್ಯರು ಕೇಳಿದರು. ಆಮೇಲೆ ಕೈಯೆತ್ತಿದರು. ಹೆಚ್ಚು ಕೈಗಳು ಸಾಹುಕಾರನಿಗೇ ಎದ್ದವು. ಮೇಷ್ಟರು, "ನಾಳೆಯಿಂದ ನಾನೂ ಮನೆ ಮನೆಗೆ ಬರುತ್ತೇನೆ" ಎಂದು ಹೇಳಿ ಕೂತರು.

ದರ್ಜಿ ಅವರ ಮನೆಗೆ ಹೋದ. "ನೀವು ಸ್ವತಂತ್ರವಾಗಿ ನಿಲ್ಲಿ. ಐದು ಬೀದಿಗಳನ್ನು ನಾನು ನೋಡಿಕೊಳ್ಳುತ್ತೇನೆ" ಎಂದ.

"ನಿಲ್ಲುವುದಿಲ್ಲಪ್ಪ. ಹೇಳಬೇಕಾದ್ದನ್ನು ಅವನೆದುರೇ ಹೇಳಿದ್ದೇನೆ. ಗೆದ್ದ ಮೇಲೆ ದಾರಿ ತಪ್ಪಿದರೆ ಮತ್ತೆ ಹೇಳುತ್ತೇನೆ" ಎಂದರು ಮೇಷ್ಟರು. ಅವನನ್ನೇ ನೋಡುತ್ತ ಕೇಳಿದರು: "ಸೋತವನು ನಾನು. ನನಗಿಲ್ಲದ ಸಿಟ್ಟು ನಿನಗೇಕೆ?"

ದರ್ಜಿ, "ತತ್ವಕ್ಕಾಗಿ" ಎಂದು ಹೇಳಿ ಎದ್ದು ಬಂದ.

ಅವನು ಬಾವುಟ ಹೊಲಿಯಲಿಲ್ಲ. ತನ್ನ ಐದು ಬೀದಿಗಳಲ್ಲಿ ಒಬ್ಬನೇ ತಿರುಗಿದ. "ಎದುರು ಪಕ್ಷಕ್ಕೆ ಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಇವನು ನಮ್ಮವನಲ್ಲ" ಎಂದು ಪ್ರತಿ ಮನೆಯಲ್ಲೂ ಹೇಳಿದ. ಹೇಳಿದವನು ದರ್ಜಿಯಾದ್ದರಿಂದ ಜನ ನಂಬಿದರು. ಮತದಾನದ ದಿನ ಆ ಬೀದಿಗಳಲ್ಲಿ ಅರ್ಧ ಜನ ಮನೆಯಿಂದ ಹೊರಗೇ ಬರಲಿಲ್ಲ.

ಸಾಹುಕಾರ ಅರವತ್ತು ಓಟುಗಳಿಂದ ಸೋತ. ಸೋತ ವಾರದಲ್ಲೇ ಪಕ್ಷ ಬಿಟ್ಟು ಹೋದ. ಅವನ ಬಗ್ಗೆ ದರ್ಜಿ ಹೇಳಿದ್ದು ಸರಿಯೆಂದು ಎಲ್ಲರೂ ಒಪ್ಪಿದರು.

ಎಣಿಕೆ ಮುಗಿದ ದಿನ ಗಡಿಯಾರದವನು ತಲೆ ತಗ್ಗಿಸಿ ಅಂಗಡಿಯ ಬಾಗಿಲು ಹಾಕುವುದನ್ನು ದರ್ಜಿ ನಿಂತು ನೋಡಿದ. ಎಷ್ಟೋ ವಾರಗಳ ಮೇಲೆ ಅಂದು ಅವನು ಹೊಟ್ಟೆ ತುಂಬ ಉಂಡ.

ಹೊಸ ಅಧ್ಯಕ್ಷ ಬಂದ ಆರು ತಿಂಗಳಿಗೆ ಹಳೆಯ ಪೇಟೆಯನ್ನು ಒಡೆಯುವ ನೋಟೀಸು ಬಂತು. ಅಂಗಡಿಯವರು ಕಂಗಾಲಾದರು. ಮೇಷ್ಟರು ಒಂದು ಅರ್ಜಿ ಬರೆದು ಸಹಿ ಹಾಕಿಸಲು ಹೊರಟರು. ಅವರ ಜೊತೆಗೆ ಹೊರಟವನು ಗಡಿಯಾರದವನು. ಇಬ್ಬರೂ ಬಿಸಿಲಿನಲ್ಲಿ ಮನೆ ಮನೆ ಸುತ್ತಿದರು. ದಣಿದಾಗ ಗಡಿಯಾರದವನ ಅಂಗಡಿಯಲ್ಲಿ ಕೂತು ಚಹಾ ಕುಡಿದರು. ದರ್ಜಿಯ ಬಾಗಿಲಿಗೂ ಬಂದು ಕರೆದರು. ಅವನು ಸಹಿ ಹಾಕಿದ. ಜೊತೆಗೆ ಹೋಗಲಿಲ್ಲ.

ಅವರು ಪಕ್ಕದ ಅಂಗಡಿಯಲ್ಲಿ ಮಾತನಾಡುವುದು ಅವನಿಗೆ ಕೇಳಿಸುತ್ತಿತ್ತು. ಮೇಷ್ಟರು ನಗುವುದೂ ಕೇಳಿಸುತ್ತಿತ್ತು. ಈಗ ಅವನಿಗೆ ಮೇಷ್ಟರ ಮೇಲೂ ಹೊಟ್ಟೆಕಿಚ್ಚು. ಯಾರಿಗಾಗಿ ಪಕ್ಷವನ್ನೇ ಸೋಲಿಸಿದೆ ಎಂದುಕೊಂಡಿದ್ದನೋ ಅವರ ದನಿ ಗೋಡೆಯಾಚೆ ಕೇಳಿಸಿದೊಡನೆ ದರ್ಜಿ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದ. ಮಳೆಗಾಲಕ್ಕೆ ಮುಂಚೆ ಪೇಟೆ ಒಡೆದರು. ಮೂವರೂ ಮೂರು ಕಡೆಯಾದರು.

ಗುರುಗಳು ಕತೆ ನಿಲ್ಲಿಸಿದರು.

ಮಲ್ಲಿನಾಥನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಸಾಹುಕಾರನ ಬಗ್ಗೆ ದರ್ಜಿ ಹೇಳಿದ್ದು ನಿಜವೇ ಅಲ್ಲವೇ?"

"ಒಂದೊಂದು ಮಾತೂ ನಿಜ."

"ಹಾಗಾದರೆ ನಿಜ ಹೇಳಿದವನದು ಏನು ತಪ್ಪು?"

ಗುರುಗಳು ಕೇಳಿದರು: "ನಿಮ್ಮ ಅಭ್ಯರ್ಥಿ ನಿನ್ನೆ ಮೊದಲು ಯಾರ ಮನೆಗೆ ಹೋದ, ಮಲ್ಲಿನಾಥ?"

"ನನ್ನ ಮನೆಗಲ್ಲ" ಎಂದ ಮಲ್ಲಿನಾಥ.